ಕಾನೂನಿಗಿರುವುದು ಮನುಷ್ಯನ ಕಿವಿ ಮಾತ್ರ

ಮೊದಲ ಮಳೆ ಬಿದ್ದ ವಾರ. ರಾತ್ರಿ ಹೆಮ್ಮಾಡಿಯಲ್ಲಿ ಬಸ್ಸಿಳಿದಾಗ ಹೆದ್ದಾರಿ ಪಕ್ಕದ ಗದ್ದೆಯಲ್ಲಿ ಕಪ್ಪೆಗಳು ಕೂಗುತ್ತಿದ್ದವು. ಲಾರಿ ಬಂತು, ದನಿ ಅಡಗಿತು. ಮತ್ತೆ ಒಂದೆರಡು ದನಿ ಏಳುವಷ್ಟರಲ್ಲಿ ಇನ್ನೊಂದು ಲಾರಿ. ಜೊತೆಗಿದ್ದವರಿಗೆ ತೋರಿಸಿದೆ. "ಕಪ್ಪಿಗೂ ಕಾನೂನ್ ಬೇಕಾ ಮಾರಾಯ್ರೆ?" ಎಂದು ನಕ್ಕರು.

ಬೇಕು ಎಂದೇ ನನ್ನ ವಾದ. ಗಂಡು ಕಪ್ಪೆ ಕೂಗುವುದು ಹೆಣ್ಣನ್ನು ಕರೆಯಲು. ಕತ್ತಲಲ್ಲಿ ಹೆಣ್ಣಿಗೆ ಆ ದನಿಯೇ ದಾರಿ. ದನಿ ಕೇಳದಿದ್ದರೆ ಜೋಡಿಯಿಲ್ಲ, ಮೊಟ್ಟೆಯಿಲ್ಲ.

ನಮ್ಮಲ್ಲಿ ಶಬ್ದಮಾಲಿನ್ಯ ನಿಯಮ ಬಂದದ್ದು 2000ದಲ್ಲಿ. ಶಾಂತ ವಲಯ ಎಂದು ಅದು ಹೆಸರಿಸುವುದು ಆಸ್ಪತ್ರೆ, ಶಾಲೆ, ಕೋರ್ಟುಗಳ ಸುತ್ತಲಿನ 100 ಮೀಟರನ್ನು. ಅಲ್ಲಿ ರಾತ್ರಿಯ ಮಿತಿ 40 ಡೆಸಿಬೆಲ್. ಕಾಡಿನ ಹೆಸರಿಲ್ಲ, ಅಳಿವೆಯ ಹೆಸರಿಲ್ಲ. ಅಳತೆಗೆ ಬಳಸುವ 'ಎ' ಮಾಪಕವೂ ಮನುಷ್ಯನ ಕಿವಿಗೆ ಹೊಂದಿಸಿದ್ದು. ನಮಗೆ ಕೇಳದ ದನಿಯನ್ನು ಬಾವಲಿ ಕೇಳುತ್ತದೆ, ಡಾಲ್ಫಿನ್ ಕೇಳುತ್ತದೆ. ಮಾಪಕ ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಮೇಲಾಗಿ ಅದು ಹೇಳುವುದು ಸರಾಸರಿ. ಹಕ್ಕಿ ಗೂಡು ಬಿಟ್ಟು ಹಾರುವುದು ಸರಾಸರಿಗೆ ಹೆದರಿಯಲ್ಲ, ಒಂದು ಹಾರ್ನಿಗೆ, ಒಂದು ಗರ್ನಾಲಿಗೆ.

ನಾನೂ ಯಕ್ಷಗಾನದ ಹುಚ್ಚ. ನಮ್ಮ ಬೆಳಗಿನವರೆಗಿನ ಆಟಗಳು ಕಾಲಮಿತಿಗೆ ಇಳಿದದ್ದರಲ್ಲಿ ರಾತ್ರಿ ಹತ್ತರ ಮೈಕ್ ನಿಯಮದ ಪಾಲೂ ಇದೆ. ಮನುಷ್ಯನ ನಿದ್ದೆಗಾಗಿ ಚಂಡೆಯನ್ನೇ ತಗ್ಗಿಸಿದವರು ನಾವು. ಬೈಂದೂರಿನಿಂದ ಕೊಲ್ಲೂರು ದಾಟಿ, ಮೂಕಾಂಬಿಕಾ ವನ್ಯಜೀವಿ ಧಾಮದ ನಡುವೆ ಘಟ್ಟ ಹತ್ತುವ ರಸ್ತೆಯಲ್ಲಿ ಹಾರ್ನ್ ತಗ್ಗಿಸಲು ಏನು ಅಡ್ಡಿ?

ಅಭಿವೃದ್ಧಿ ನಿಲ್ಲುತ್ತದೆ ಎನ್ನುವವರು ಬಂಡೀಪುರ ನೋಡಲಿ. ಪ್ರಾಣಿಗಳು ಗಾಡಿಗೆ ಸಿಕ್ಕಿ ಸಾಯುತ್ತವೆಂದು 2009ರಲ್ಲಿ ಅಲ್ಲಿ ರಾತ್ರಿ ಸಂಚಾರವನ್ನೇ ನಿಲ್ಲಿಸಿದರು. ನಾನು ರಸ್ತೆ ಮುಚ್ಚಿ ಎನ್ನುತ್ತಿಲ್ಲ. ಮೂರು ಕೆಲಸ ಸಾಕು. ಶಾಂತ ವಲಯದ ಪಟ್ಟಿಗೆ ವನ್ಯಧಾಮವನ್ನೂ ಅಳಿವೆಯನ್ನೂ ಸೇರಿಸಿ. ಸೇತುವೆಗೋ ಬಂದರಿಗೋ ಕಂಬ ಹುಗಿಯುವ ಮೊದಲು ನೀರಿನೊಳಗಿನ ಶಬ್ದವನ್ನೂ ಅಳೆಯಿರಿ. ಗಾಳಿಗಿಂತ ನಾಲ್ಕು ಪಟ್ಟು ವೇಗವಾಗಿ ಶಬ್ದ ಅಲ್ಲಿ ಹರಿಯುತ್ತದೆ. ಮರಿ ಮಾಡುವ ತಿಂಗಳುಗಳಲ್ಲಿ ರಾತ್ರಿ ಕೆಲಸ ನಿಲ್ಲಿಸಿ.

ಶಬ್ದಕ್ಕೊಂದು ಒಳ್ಳೆಯ ಗುಣವಿದೆ: ಪ್ಲಾಸ್ಟಿಕ್ಕಿನಂತೆ ಉಳಿಯುವುದಿಲ್ಲ, ನಿಲ್ಲಿಸಿದ ಕ್ಷಣ ಇಲ್ಲ. ಇಷ್ಟು ಸುಲಭದ ಮಾಲಿನ್ಯವನ್ನೂ ತಗ್ಗಿಸದಿದ್ದರೆ ನಮ್ಮ ಪರಿಸರ ಪ್ರೀತಿಯ ಭಾಷಣಗಳೂ ಬರೀ ಗದ್ದಲವೇ.