ನಿಮ್ಮ ಬ್ರೌಸರ್ ಸರಿಯಿಲ್ಲ ಸ್ವಾಮಿ!

ಕನ್ನಡದ ವೆಬ್‌ಸೈಟುಗಳಲ್ಲಿ ನನ್ನ ಮೈ ಉರಿಸುವ ಸಾಲೊಂದಿದೆ: "ನಿಮ್ಮ ಬ್ರೌಸರ್ ಈ ಆಡಿಯೋವನ್ನು ಬೆಂಬಲಿಸುವುದಿಲ್ಲ. ದಯವಿಟ್ಟು ಅಪ್‌ಡೇಟ್ ಮಾಡಿ." ಮನೆಗೆ ಬಂದ ನೆಂಟರಿಗೆ ಕಲ್ಲಿನಂಥ ಚಕ್ಕುಲಿ ಕೊಟ್ಟು, ನಿಮ್ಮ ಹಲ್ಲು ಸರಿಯಿಲ್ಲ, ಕಟ್ಟಿಸ್ಕೊಂಡು ಬನ್ನಿ ಅಂದ ಹಾಗೆ. ಇದನ್ನು ಬರೆಯೋರು ಬೇರೆ ಯಾರೂ ಅಲ್ಲ, ನಮ್ಮ ಕಸುಬಿನವರೇ.

ಒಂದು ಕಾಲದಲ್ಲಿ ಇದಕ್ಕೆ ಕಾರಣ ಇತ್ತು, ಒಪ್ಪುತ್ತೇನೆ. ಎಲ್ಲರೂ ಫ್ಲ್ಯಾಶ್ ಪ್ಲೇಯರ್ ನಂಬಿಕೊಂಡಿದ್ದಾಗ ಐಫೋನ್ ಬಂತು, ಫ್ಲ್ಯಾಶನ್ನು ಹತ್ತಿರಕ್ಕೂ ಸೇರಿಸಲಿಲ್ಲ. 2009ರಲ್ಲಿ ಫೈರ್‌ಫಾಕ್ಸ್ 3.5 ಆಡಿಯೋ ಟ್ಯಾಗ್ ತಂದಿತು. ಆದರೆ ಅದರಲ್ಲಿ ಆಗ್ ವೋರ್ಬಿಸ್ ಓಡುತ್ತಿತ್ತು, ಎಂಪಿ3 ಇಲ್ಲ. ಎಂಪಿ3 ಮೇಲೆ ಪೇಟೆಂಟ್ ಇತ್ತಲ್ಲ. ಸಫಾರಿಯದು ಇದರ ಉಲ್ಟಾ. 2011ರಲ್ಲಿ ಬಂದ ಇಂಟರ್ನೆಟ್ ಎಕ್ಸ್‌ಪ್ಲೋರರ್ 9 ಕೂಡ ಎಂಪಿ3 ಪಕ್ಷ ಸೇರಿತು. ಒಂದೇ ಹಾಡಿಗೆ ಎರಡು ಫೈಲು ಇಟ್ಟುಕೊಂಡು ಒದ್ದಾಡಿದ ದಿನಗಳವು.

ಆ ಜಗಳ ಮುಗಿದು ಯಾವ ಕಾಲ ಆಯ್ತು ಮಾರಾಯ್ರೆ! ಫೈರ್‌ಫಾಕ್ಸ್ ಆಪರೇಟಿಂಗ್ ಸಿಸ್ಟಮ್ಮಿನ ಡಿಕೋಡರ್ ಬಳಸಿ ಎಂಪಿ3 ನುಡಿಸಲು ಶುರುಮಾಡಿತು. 2017ರ ಏಪ್ರಿಲ್‌ನಲ್ಲಿ ಫ್ರೌನ್‌ಹೋಫರ್ ಸಂಸ್ಥೆ ಎಂಪಿ3 ಲೈಸೆನ್ಸ್ ವ್ಯವಹಾರವನ್ನೇ ನಿಲ್ಲಿಸಿತು. 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್ ಕಥೆಯೂ ಮುಗಿಯಿತು. ಇವತ್ತು ಜನ ಬಳಸುವ ಬ್ರೌಸರ್‌ಗಳಲ್ಲಿ ಎಂಪಿ3 ಓಡದೇ ಇರೋದನ್ನು ಹುಡುಕಿ ತರಬೇಕು. ಹಾಗಾದರೆ ಆ ಸಾಲು ಇನ್ನೂ ಯಾಕೆ ಬರುತ್ತೆ?

ನಮ್ಮ ದೊಡ್ಡಮ್ಮನಿಗೆ ಕಣ್ಣು ಮಂಜಾಗಿ ಓದೋಕೆ ಆಗಲ್ಲ. ಮಗ ಬಿಟ್ಟುಕೊಟ್ಟ ಹಳೇ ಐಫೋನಿನಲ್ಲಿ ಕಥೆ ಕೇಳುತ್ತಾರೆ. ಒಂದು ದಿನ ಫೋನ್ ಮಾಡಿ, "ಮಗಾ, ನನ್ ಫೋನೇ ಸರಿ ಇಲ್ವಂತೆ ಕಣೋ, ಬರೀತಾ ಇದೆ" ಅಂದರು. ದನಿಯಲ್ಲಿ ಸಂಕೋಚ, ತಪ್ಪು ತಮ್ಮದೇ ಅನ್ನೋ ಹಾಗೆ. ನಾನು ಆ ಪೇಜಿನ ಸೋರ್ಸ್ ತೆಗೆದು, ಎಂಪಿ3 ಫೈಲಿನ ವಿಳಾಸ ಹುಡುಕಿ ವಾಟ್ಸಪ್ ಮಾಡಿದೆ. ಒತ್ತಿದರು, ಕಥೆ ಶುರುವಾಯ್ತು. ಫೋನ್ ಸರಿಯಾಗೇ ಇತ್ತು. ಕೆಟ್ಟಿದ್ದು ಸೈಟಿನವರು ಬಣ್ಣ ಬಳಿದು ಕೂರಿಸಿದ್ದ ಪ್ಲೇಯರ್.

ಆಗಿದ್ದೇನು ಅಂದರೆ, ಈ ಫೈಲು ನುಡಿಸ್ತೀಯಾ ಅಂತ ಸ್ಕ್ರಿಪ್ಟ್ ಕೇಳಿದಾಗ ಬ್ರೌಸರ್ ಹೌದು, ಇಲ್ಲ ಅಂತ ಉತ್ತರ ಕೊಡೋದಿಲ್ಲ. "ಪ್ರಾಬಬ್ಲಿ", "ಮೇಬಿ", ಇಲ್ಲಾ ಖಾಲಿ ಮೌನ, ಇಷ್ಟೇ. ಎಂಪಿ3ಗೆ "ಮೇಬಿ" ಬರೋದು ತೀರಾ ಮಾಮೂಲು. ಆ ಪ್ಲೇಯರ್ ಬರೆದ ಪುಣ್ಯಾತ್ಮ "ಪ್ರಾಬಬ್ಲಿ" ಅಂದವರಿಗೆ ಮಾತ್ರ ಒಳಗೆ ಪ್ರವೇಶ ಕೊಟ್ಟಿದ್ದ. "ನೋಡೋಣ, ಆಗಬಹುದು" ಅಂತ ವಿನಯದಿಂದ ಹೇಳಿದ ಫೋನಿಗೆ ಗೇಟ್‌ಪಾಸ್!

ಆಡಿಯೋ ಟ್ಯಾಗಿನ ಹೊಟ್ಟೆಯೊಳಗೆ ಕ್ಷಮಾಪಣೆ ಬರೆದಿಟ್ಟು ಮುಗೀತು ಅಂದುಕೊಳ್ಳುವವರು ಇನ್ನೊಂದು ಗುಂಪು. ಅದು ಕಾಣಿಸುವುದು ಆ ಟ್ಯಾಗೇ ಗೊತ್ತಿಲ್ಲದ ಅಜ್ಜನ ಕಾಲದ ಬ್ರೌಸರಿನಲ್ಲಿ ಮಾತ್ರ. ಟ್ಯಾಗ್ ಗೊತ್ತಿದ್ದು ಫೈಲು ಓಡದಿದ್ದರೆ ಕೇಳುಗನಿಗೆ ಸಿಗೋದು ಸತ್ತ ಬಟನ್ನು. ಅದಕ್ಕೇ ಡೌನ್‌ಲೋಡ್ ಲಿಂಕ್ ಟ್ಯಾಗಿನ ಹೊರಗೆ, ಕಣ್ಣಿಗೆ ಬೀಳುವಂತೆ ಇರಬೇಕು ಅಂತ ನಾನು ಬಡಕೊಳ್ಳೋದು.

ಸಫಾರಿಯನ್ನು ಬೈಯುವವರು ತಮ್ಮ ಸರ್ವರ್ ಕಡೆಗೂ ಒಮ್ಮೆ ನೋಡಲಿ. ಅದು ಪೂರ್ತಿ ಫೈಲು ತರಿಸುವ ಮುಂಚೆ ಮೊದಲ ಎರಡೇ ಬೈಟ್ ಕೇಳುತ್ತೆ, ಸಂತೆಯಲ್ಲಿ ಕಡಲೆಕಾಯಿ ಒಂದೆರಡು ಬಾಯಿಗೆ ಹಾಕಿಕೊಂಡು ನೋಡುವ ಹಾಗೆ. ತುಂಡು ಕೊಡಲು ಬಾರದ ಸರ್ವರ್ ಇಡೀ ಮೂಟೆ ತಂದು ಕಾಲ ಮೇಲೆ ಸುರಿದರೆ ಅದು ವ್ಯಾಪಾರ ಬಿಟ್ಟು ಹೋಗುತ್ತೆ. ಇದು ಬ್ರೌಸರಿನ ತಪ್ಪಾ? (ಪೇಜ್ ತೆರೆದ ಕೂಡಲೇ ತಾನಾಗೇ ಹಾಡು ಹಾಕುವವರ ಬಾಯನ್ನು 2018ರಲ್ಲಿ ಕ್ರೋಮ್ ಮುಚ್ಚಿಸಿತು. ಆ ಉಪಕಾರಕ್ಕೆ ನನ್ನದೊಂದು ನಮಸ್ಕಾರ.)

ಎಂಪಿ3 ಹಳೇ ಸರಕು, ಓಪಸ್ ಹಾಕಿದರೆ ಕಮ್ಮಿ ಸೈಜಿನಲ್ಲಿ ಒಳ್ಳೇ ಕ್ವಾಲಿಟಿ ಅನ್ನೋ ವಾದ ಸರಿಯೇ. ಹಾಕಿ, ಯಾರು ಬೇಡ ಅಂದರು? ಮೊದಲು ಓಪಸ್, ಕೆಳಗೆ ಎಂಪಿ3, ಎರಡು ಸಾಲಿನ ಕೆಲಸ. ಬ್ರೌಸರ್ ತನಗೆ ಬೇಕಾದ್ದನ್ನು ತಾನೇ ಆರಿಸಿಕೊಳ್ಳುತ್ತೆ.

ಕೊನೆಗೆ ಉಳಿಯೋದು ಡಿಸೈನರ್‌ಗಳ ವಾದ: ಬ್ರೌಸರಿನದೇ ಪ್ಲೇಯರ್ ಒಂದೊಂದು ಕಡೆ ಒಂದೊಂದು ಥರ ಕಾಣುತ್ತೆ, ಬ್ರ್ಯಾಂಡ್ ಲುಕ್ ಹಾಳಾಗುತ್ತೆ. ಕೇಳೋ ವಸ್ತುವಿಗೆ ಎಷ್ಟು ಸಿಂಗಾರ ಬೇಕು ಸ್ವಾಮಿ? ಆ ಹಳೇ ಪ್ಲೇಯರ್ ಕೀಬೋರ್ಡಿನಲ್ಲಿ ಓಡುತ್ತೆ, ಕಣ್ಣು ಕಾಣದವರ ಸ್ಕ್ರೀನ್ ರೀಡರ್ ಅದರ ಬಟನ್ ಯಾವುದು ಅಂತ ಓದಿ ಹೇಳುತ್ತೆ. ನೀವು ಡಿವ್ ಮೇಲೆ ಡಿವ್ ಪೇರಿಸಿ ಮಾಡಿದ ನೇರಳೆ ಬಟನ್ ಅವರ ಪಾಲಿಗೆ ಇಲ್ಲವೇ ಇಲ್ಲ.

ಈಚೆಗೆ ಒಂದು ಪ್ರಾಜೆಕ್ಟಿನಲ್ಲಿ ಇದೇ ವಿಷಯಕ್ಕೆ ಹದಿನೈದು ದಿನ ಜಗಳ ಆಡಿದೆ. ಮಾಮೂಲಿ ಪ್ಲೇಯರ್‌ಗೆ ಒಪ್ಪಲಿಲ್ಲ, ಡೌನ್‌ಲೋಡ್ ಲಿಂಕ್ ಮಾತ್ರ ಉಳಿಯಿತು. ಅದೂ ಬೂದು ಬಣ್ಣದ ಸಣ್ಣಕ್ಷರದಲ್ಲಿ, ಮೂಲೆಯಲ್ಲಿ. ಒತ್ತಿದರೆ ಕೇಳಿಸುತ್ತೆ.