ಕಾಫಿ ಹೌಸಿನ ಶೋಕ

ಮೈಸೂರಿನ ಕಾಫಿ ಹೌಸಿನ ಕಾಲ ಮುಗಿಯಿತು, ಅದರೊಡನೆ ಕನ್ನಡ ಸಾಹಿತ್ಯದ ಸಲ್ಲಾಪವೂ ಮುಗಿಯಿತು ಎಂಬ ಮಾತು ವಿದ್ಯಾವಂತರ ಮನೆಗಳಲ್ಲಿ ಆಗಾಗ ಕೇಳಿಬರುತ್ತದೆ. ಕೊಳ್ಳೇಗಾಲ, ಹನೂರು, ಯಳಂದೂರುಗಳ ಸಾಹಿತ್ಯಾಭಿಮಾನಿಗಳೂ ಈ ಶೋಕದಲ್ಲಿ ಹಿಂದೆ ಬಿದ್ದವರಲ್ಲ. ನಗರದಲ್ಲಿ ಅಂಥದೊಂದು ಮೇಜು ಇದ್ದಿತು, ಈ ಊರುಗಳಲ್ಲಿ ಎಂದೂ ಇರಲಿಲ್ಲ, ಆದುದರಿಂದ ಇಲ್ಲಿ ಸಾಹಿತ್ಯ ಬೆಳೆಯಲಾರದು ಎಂಬುದು ಆ ಶೋಕದೊಳಗಣ ತರ್ಕ. ಈ ತರ್ಕದ ಮೊದಲ ಮಾತು ನಿಜ. ಕಡೆಯ ಮಾತು ಸೋಮಾರಿತನಕ್ಕೆ ಹೊದಿಸಿದ ಶಾಲು.

ನಿಜವನ್ನು ಮೊದಲು ಒಪ್ಪತಕ್ಕದ್ದು. 1950ರ ದಶಕದಲ್ಲಿ ಗೋಪಾಲಕೃಷ್ಣ ಅಡಿಗರು ಮೈಸೂರಿನ ಸೇಂಟ್ ಫಿಲೋಮಿನಾ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದರು. ಅವರ ‘ಚಂಡೆಮದ್ದಳೆ’ 1954ರಲ್ಲಿ ಹೊರಬಂದಿತು. ಅನಂತಮೂರ್ತಿಯವರು ಆಗ ವಿದ್ಯಾರ್ಥಿ. ಕಾಫಿ ಹೌಸಿನಲ್ಲಿ ಅಡಿಗರ ಸುತ್ತ ತರುಣರು ಸೇರುತ್ತಿದ್ದರು; ನವ್ಯಕಾವ್ಯದ ವಾದವಿವಾದಗಳು ಅಲ್ಲಿ ನಡೆಯುತ್ತಿದ್ದುವು. ಬೆಂಗಳೂರಿಗೂ ಇಂಥ ನೆನಪುಗಳಿವೆ. ಕಾಫಿ ಮಂಡಳಿಯು ತನ್ನ ಕಾಫಿ ಹೌಸುಗಳನ್ನು ಕೈಬಿಟ್ಟಾಗ, ಕೆಲಸಗಾರರೇ ಸಹಕಾರ ಸಂಘ ಕಟ್ಟಿಕೊಂಡು 1957ರಲ್ಲಿ ಆ ನಗರದಲ್ಲಿ ಅವುಗಳನ್ನು ಉಳಿಸಿಕೊಂಡರು. ಮಹಾತ್ಮ ಗಾಂಧಿ ರಸ್ತೆಯಲ್ಲಿದ್ದ ಅವರ ಕಾಫಿ ಹೌಸು 2009ರಲ್ಲಿ ಆ ಸ್ಥಳವನ್ನು ಬಿಟ್ಟಾಗ ಮರುಗಿದವರು ಬಹಳ ಮಂದಿ.

ಆದರೆ ಆ ಮೇಜಿನ ಮಹಿಮೆ ಯಾವುದರಲ್ಲಿತ್ತು? ಕಾಫಿಯ ಕಂಪಿನಲ್ಲಿಯೂ ಅಲ್ಲ, ನಗರದ ದೀಪಗಳಲ್ಲಿಯೂ ಅಲ್ಲ. ಬಡ ವಿದ್ಯಾರ್ಥಿಯೂ ಕೊಡಬಲ್ಲಷ್ಟು ಬೆಲೆ, ಎದ್ದುಹೋಗೆಂದು ಯಾರೂ ಅವಸರಪಡಿಸದ ಬಿಡುವು, ಹಿರಿಯನ ಮಾತನ್ನು ಕಿರಿಯನು ಎದುರಿಸಿ ಕೇಳಬಹುದಾದ ಸಲಿಗೆ—ಈ ಮೂರರಲ್ಲಿತ್ತು. ಇವುಗಳಲ್ಲಿ ನಗರದ ಸ್ವತ್ತು ಯಾವುದು? 1964ರಲ್ಲಿ ಅಡಿಗರು ಮೈಸೂರನ್ನು ಬಿಟ್ಟು ಸಾಗರದ ಕಾಲೇಜಿಗೆ ಪ್ರಾಂಶುಪಾಲರಾಗಿ ಹೋದರು. 1962ರಲ್ಲಿ ಅವರು ಆರಂಭಿಸಿದ್ದ ‘ಸಾಕ್ಷಿ’ ಪತ್ರಿಕೆ ಅದರಿಂದ ನಿಂತುಹೋಗಲಿಲ್ಲ. ಅದೇ ಸಾಗರದ ಬಳಿಯ ಹೆಗ್ಗೋಡು ಒಂದು ಹಳ್ಳಿ. 1949ರಲ್ಲಿ ಅಲ್ಲಿ ಹುಟ್ಟಿದ ನೀನಾಸಂ ಸಂಸ್ಥೆಗೆ ನಾಟಕ ನೋಡುವುದಕ್ಕೂ ಚರ್ಚಿಸುವುದಕ್ಕೂ ನಗರಗಳವರೇ ಪ್ರಯಾಣ ಮಾಡಿ ಬರುವಂತಾಯಿತು. ಊರು ಚಿಕ್ಕದೆಂಬ ನೆವ ಇಲ್ಲಿಗೆ ಮುರಿಯಿತು.

ಇನ್ನೊಂದು ಮಾತನ್ನು ಶೋಕಿಸುವವರು ಮರೆಯುತ್ತಾರೆ. ಆ ಮೇಜಿನ ಕಥೆಗಳಲ್ಲಿ ಬರುವ ಹೆಸರುಗಳು ಬಹುಮಟ್ಟಿಗೆ ಗಂಡಸರವೇ. ಅದೇ ಕಾಲದಲ್ಲಿ ಮೈಸೂರಿನಲ್ಲಿ ತ್ರಿವೇಣಿಯವರು ಒಂದಾದ ಮೇಲೊಂದು ಕಾದಂಬರಿ ಬರೆಯುತ್ತಿದ್ದರು. 1963ರಲ್ಲಿ, ಇನ್ನೂ 35 ತುಂಬುವ ಮೊದಲೇ, ತೀರಿಕೊಂಡರು. ಆ ಕಥೆಗಳಲ್ಲಿ ಅವರಿಗೊಂದು ಕುರ್ಚಿ ಕಾಣದು. ಅರ್ಧ ಸಾಹಿತ್ಯಲೋಕವನ್ನು ಬಾಗಿಲ ಹೊರಗಿಟ್ಟ ಸ್ಥಳವನ್ನು ಸ್ವರ್ಗವೆಂದು ಬಣ್ಣಿಸುವುದು ಯುಕ್ತವಲ್ಲ.

ಈ ವಿಷಯದಲ್ಲಿ ಯಳಂದೂರಿನವರು ನಗರಕ್ಕೆ ಪಾಠ ಹೇಳಬಹುದಾಗಿತ್ತು. ಹದಿನೇಳನೆಯ ಶತಮಾನದ ಸಂಚಿಯ ಹೊನ್ನಮ್ಮ ಯಳಂದೂರಿನವಳು. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುವ ಊಳಿಗದವಳು. ಸಿಂಗರಾರ್ಯನಂಥ ಗುರು ದೊರೆತನು. ಬರೆಯೆಂದು ಪ್ರೇರಿಸುವ ರಾಣಿ ದೊರೆತಳು. ‘ಹದಿಬದೆಯ ಧರ್ಮ’ ಹುಟ್ಟಿತು. ಪತಿವ್ರತೆಯ ಧರ್ಮವನ್ನು ಹೇಳಹೊರಟ ಆ ಕಾವ್ಯದಲ್ಲಿಯೇ ಹೆಣ್ಣೆಂದು ಹೀಗಳೆಯುವವರನ್ನು ಆಕೆ ಮೂಢರೆಂದು ಕರೆದಿದ್ದಾಳೆ. ಊಳಿಗದವಳ ಕಿವಿಗೆ ವಿದ್ಯೆಯನ್ನೂ ಬಾಯಿಗೆ ಮಾತನ್ನೂ ಕೊಟ್ಟ ಆ ಅಂತಃಪುರ ಯಾವ ಕಾಫಿ ಹೌಸಿಗೆ ಕಡಮೆ?

ಕೇಳುವ ಜನಕ್ಕೂ ಇಲ್ಲಿ ಬರವಿಲ್ಲ. ಹನೂರು ಸೀಮೆಯ ಮಲೆಯಲ್ಲಿ ದೇವರಗುಡ್ಡರು ಕಂಸಾಳೆ ಹಿಡಿದು ಮಾದೇಶ್ವರನ ಕಾವ್ಯವನ್ನು ಹಾಡಿದರೆ, ಬೆಳಗಾಗುವ ತನಕ ಕುಳಿತು ಕೇಳುವವರಿದ್ದಾರೆ. “ಅದು ಭಕ್ತಿ, ವಿಮರ್ಶೆಯಲ್ಲ” ಎಂದು ಕೆಲವರು ಆಕ್ಷೇಪಿಸಬಹುದು. ಆಕ್ಷೇಪ ಸರಿಯೇ. ಹಾಗಾದರೆ ವಿಮರ್ಶೆಯನ್ನು ಒದಗಿಸಬೇಕಾದವರು ಯಾರು? ಓದುಬರಹ ಬಲ್ಲವರಲ್ಲವೆ? ಅವರು ಒದಗಿಸುತ್ತಿರುವುದೇನು? ತಡವಾಗಿ ಬರುವ ಅತಿಥಿ, ಹಾರ, ಶಾಲು, ಯಾರೂ ಓದದ ಪುಸ್ತಕದ ಬಿಡುಗಡೆ, ವಂದನಾರ್ಪಣೆ. ಆಮೇಲೆ ಕೊಠಡಿಗೆ ಬೀಗ. ಕೊಳ್ಳೇಗಾಲದ ರೇಷ್ಮೆ ನೇಯುವ ಮನೆಯ ಹುಡುಗನೊಬ್ಬನು ಪದ್ಯ ಬರೆದು ತಂದರೆ, “ಚೆನ್ನಾಗಿದೆ” ಎಂದು ಬೆನ್ನು ತಟ್ಟುವವರು ಹತ್ತು ಮಂದಿ. ಈ ಸಾಲು ಏಕೆ ಸೋತಿತು ಎಂದು ಕುಳಿತು ತೋರಿಸುವವನು ಒಬ್ಬನಿಲ್ಲ. ಆ ಹುಡುಗನು ಎರಡು ವರ್ಷದಲ್ಲಿ ಬರೆಯುವುದನ್ನು ಬಿಟ್ಟರೆ, ಅಪರಾಧ ಹೋದ ಕಾಫಿ ಹೌಸಿನದಲ್ಲ.

ಆದುದರಿಂದ ಶೋಕ ಸಾಕು. ತಿಂಗಳಿಗೆ ಒಂದು ಸಂಜೆ, ಹೆಂಗಸರೂ ಕತ್ತಲಾಗುವ ಮುನ್ನ ಮನೆ ಸೇರಬಹುದಾದ ಹೊತ್ತಿನಲ್ಲಿ, ಸಂಘದ ಕೊಠಡಿಯನ್ನು ತೆರೆಯಲಿ. ಅಧ್ಯಕ್ಷರು ಬೇಡ, ಹಾರ ಬೇಡ. ಒಂದು ಕೃತಿಯನ್ನು ಓದಲಿ. ಬರೆದವರು ಸುಮ್ಮನಿದ್ದು ಕೇಳಲಿ. ಅತ್ಯಂತ ಕಿರಿಯರು ಮೊದಲು ಮಾತನಾಡಲಿ. ಕಾಫಿಯನ್ನು ಎದುರಿನ ಹೋಟೆಲಿನಿಂದ ತರಿಸಿದರಾಯಿತು. ಹೋದ ಮೇಜಿಗೆ ಸಲ್ಲಿಸಬಹುದಾದ ನಿಜವಾದ ಶ್ರಾದ್ಧ ಇದೊಂದೇ.