ರಾಜಧಾನಿ ಗೊತ್ತು, ರಾಜಕಾಲುವೆ ಗೊತ್ತಿಲ್ಲ

ಐದು ವರ್ಷದ ಮಗು ಪಟಪಟ ಅಂತ ನೂರು ದೇಶಗಳ ರಾಜಧಾನಿ ಒಪ್ಪಿಸುವ ವಿಡಿಯೋ ನಿಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪಿಗೂ ಬಂದಿರುತ್ತೆ. ಮಂಗೋಲಿಯಾ? ಉಲಾನ್‌ಬಾತರ್. ಬುರ್ಕಿನಾ ಫಾಸೊ? ವಾಗಡುಗು. ಕೆಳಗೆ ಚಪ್ಪಾಳೆಗಳ ಸಾಲು, "ಜೀನಿಯಸ್" ಅಂತ ಅತ್ತೆ, ಚಿಕ್ಕಪ್ಪಂದಿರ ಶಹಬ್ಬಾಸ್. ಮಗುವಿನ ನೆನಪಿನ ಶಕ್ತಿಯನ್ನು ಧಾರಾಳವಾಗಿ ಮೆಚ್ಚೋಣ. ಆದರೆ ದಯವಿಟ್ಟು ಅದನ್ನು ಭೂಗೋಳ ಅಂತ ಕರೆಯಬೇಡಿ. ಅದೇ ಮಗುವನ್ನು ಅಪಾರ್ಟ್‌ಮೆಂಟಿನ ಗೇಟಿನ ಮುಂದೆ ನಿಲ್ಲಿಸಿ, "ಪುಟ್ಟಾ, ಮಳೆ ಬಂದ್ರೆ ಈ ನೀರು ಯಾವ ಕಡೆ ಹೋಗುತ್ತೆ?" ಅಂತ ಕೇಳಿ ನೋಡಿ. ಗೊತ್ತಿಲ್ಲ ಅನ್ನುತ್ತೆ. ಮಗುವಿನ ತಪ್ಪಲ್ಲ. ಆ ಪ್ರಶ್ನೆಯನ್ನು ಅದಕ್ಕೆ ಇವತ್ತಿನವರೆಗೆ ಯಾರೂ ಕೇಳಿಲ್ಲ.

ಪ್ರೈಮರಿ ಶಾಲೆಯಲ್ಲಿ ಭೂಗೋಳ ಅಂದರೆ ಹೆಸರುಗಳ ಪಟ್ಟಿ ಅಂತ ನಾವೆಲ್ಲ ಒಪ್ಪಿಕೊಂಡುಬಿಟ್ಟಿದ್ದೇವೆ. ಈ ಒಪ್ಪಂದವನ್ನು ಮುರಿಯದೆ ಹೋದರೆ ಕಷ್ಟ ಇದೆ ಅನ್ನೋದು ನನ್ನ ವಾದ. ಭೂಗೋಳ ಶುರುವಾಗಬೇಕಾದ್ದು ಕಾಲಡಿಯ ಇಳಿಜಾರಿನಿಂದ. ವರ್ಷದಿಂದ ವರ್ಷಕ್ಕೆ ಹಿಗ್ಗಬೇಕಾದ್ದು ಪಟ್ಟಿಯಲ್ಲ, "ಇದು ಇಲ್ಲೇ ಯಾಕಿದೆ?" ಎನ್ನುವ ಒಂದೇ ಒಂದು ಪ್ರಶ್ನೆ.

ಪಠ್ಯಪುಸ್ತಕ ಬರೆದವರನ್ನು ಬೈದು ಕೈತೊಳೆದುಕೊಳ್ಳುವುದು ಸುಲಭ, ಆದರೆ ಅದು ನ್ಯಾಯವಲ್ಲ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ನಂತರ ಎನ್‌ಸಿಇಆರ್‌ಟಿ ಮೂರರಿಂದ ಐದನೇ ಕ್ಲಾಸಿನ ಇವಿಎಸ್ ಅನ್ನು ಕುಟುಂಬ, ಆಹಾರ, ಮನೆ, ನೀರು, ಪ್ರಯಾಣ ಇಂಥ ವಿಷಯಗಳ ಸುತ್ತ ಕಟ್ಟಿತು. ಅದೇ ನೀರು ಮೂರನೇ ಕ್ಲಾಸಿನಲ್ಲೂ ಬರುತ್ತಿತ್ತು, ಐದನೇ ಕ್ಲಾಸಿನಲ್ಲೂ ಬರುತ್ತಿತ್ತು, ಪ್ರತಿಸಲ ಇನ್ನಷ್ಟು ಆಳಕ್ಕೆ. ನಮ್ಮ ರಾಜ್ಯದ ಪಠ್ಯದಲ್ಲೂ ಐದನೇ ಕ್ಲಾಸಿನವರೆಗೆ ಇರೋದು "ಪರಿಸರ ಅಧ್ಯಯನ"ವೇ. ಹೆಸರಲ್ಲೇ ಪರಿಸರ ಇದೆ ಮಾರಾಯ್ರೆ! ಅದು ಕ್ಲಾಸ್‌ರೂಮಿಗೆ ಬರುವಷ್ಟರಲ್ಲಿ ಏನಾಗುತ್ತೆ? ಬಿಟ್ಟ ಸ್ಥಳ ತುಂಬಿ. ಹೊಂದಿಸಿ ಬರೆಯಿರಿ. ಔಟ್‌ಲೈನ್ ಮ್ಯಾಪಿನಲ್ಲಿ ನದಿಗಳನ್ನು ನೀಲಿ ಬಣ್ಣದಲ್ಲಿ ಗುರುತಿಸಿ. ಗೆರೆಯನ್ನು ಕಂಠಪಾಠ ಮಾಡಿದ ಮಗು ಎರಡು ಮಾರ್ಕ್ಸ್ ತಗೊಂಡು ಮನೆಗೆ ಬರುತ್ತೆ. ನದಿ ಆ ಗೆರೆಯ ಮೇಲೇ ಯಾಕೆ ಹರಿಯಿತು ಅಂತ ಕೇಳಿದವರಿಲ್ಲ.

ಬೆಂಗಳೂರಿನಂಥ ಊರಿನಲ್ಲಿ ಕೂತು ಹೀಗೆ ಪಾಠ ಮಾಡೋದು ಹಬ್ಬದೂಟ ಬಡಿಸಿಟ್ಟುಕೊಂಡು ಮೆನು ಕಾರ್ಡ್ ತಿಂದಂಗೆ. ಈ ಊರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದ ದಿಣ್ಣೆಯ ಮೇಲೆ ಕೂತಿದೆ. ದಿಣ್ಣೆಯ ಒಂದು ಮಗ್ಗುಲಲ್ಲಿ ಬಿದ್ದ ಮಳೆ ಬಸವನಗುಡಿಯ ಕಡೆಯಿಂದ ಹೊರಡುವ ವೃಷಭಾವತಿಗೆ ಸೇರಿ, ಅರ್ಕಾವತಿಗೆ ಹೋಗಿ, ಸಂಗಮದಲ್ಲಿ ಕಾವೇರಿಗೆ ಬೀಳುತ್ತೆ. ಇನ್ನೊಂದು ಮಗ್ಗುಲಿನದು ಬೆಳ್ಳಂದೂರು, ವರ್ತೂರು ಕೆರೆಗಳನ್ನು ದಾಟಿ ದಕ್ಷಿಣ ಪಿನಾಕಿನಿ ಸೇರಿ ತಮಿಳುನಾಡಿಗೆ ಹೋಗುತ್ತೆ. ಒಂದೇ ಮೋಡದ ನೀರು, ಎರಡು ನದಿ. ಇನ್ನು ನಾವು ಕುಡಿಯುವ ಕಾವೇರಿ? ಸುಮಾರು 100 ಕಿ.ಮೀ. ದೂರದ ತೊರೆಕಾಡನಹಳ್ಳಿಯಿಂದ ಹಂತಹಂತವಾಗಿ ಪಂಪ್ ಮಾಡಿ ಮೇಲೆ ಹತ್ತಿಸಬೇಕು. ನಲ್ಲಿಯಲ್ಲಿ ನೀರು ತಾನಾಗೇ ಬರೋದಿಲ್ಲ, ಗುಡ್ಡ ಹತ್ತಿ ಬರುತ್ತೆ ಅನ್ನೋದು ಎಂಟು ವರ್ಷದ ಮಗುವಿಗೆ ಕಥೆಯ ಹಾಗೆ ರುಚಿಸುವ ವಿಷಯ. ನಾವದನ್ನು ಬಿಟ್ಟು "ಕರ್ನಾಟಕದ ಪ್ರಮುಖ ನದಿಗಳು ಯಾವುವು?" ಅಂತ ಕೇಳಿ ಕೊಟ್ಟಿರುವ ಜಾಗದಲ್ಲಿ ಉತ್ತರ ಬರೆಸ್ತೀವಿ.

ಊರಿನ ಹೆಸರುಗಳೇ ಅರ್ಧ ಪಾಠ ಹೇಳುತ್ತವೆ. ಬೊಮ್ಮಸಂದ್ರ, ಸಿಂಗಸಂದ್ರ, ಜಕ್ಕಸಂದ್ರ ಇವುಗಳಲ್ಲಿರುವ "ಸಂದ್ರ" ಅಂದರೆ ಸಮುದ್ರ, ಅಂದರೆ ದೊಡ್ಡ ಕೆರೆ. ಕೋಡಿಹಳ್ಳಿಯ "ಕೋಡಿ" ಅಂದರೆ ತುಂಬಿದ ಕೆರೆಯ ನೀರು ಉಕ್ಕಿ ಹೊರಹೋಗುವ ಜಾಗ. ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಇರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ, ಕಂಠೀರವ ಕ್ರೀಡಾಂಗಣ ಇರುವುದು ಸಂಪಂಗಿ ಕೆರೆಯಲ್ಲಿ. ಇದನ್ನೆಲ್ಲ ಹೇಳಿಕೊಡಲು ಸ್ಮಾರ್ಟ್ ಬೋರ್ಡೂ ಬೇಡ, ಮಾತಾಡುವ ಗ್ಲೋಬೂ ಬೇಡ. ಸ್ಕೂಲ್ ವ್ಯಾನಿನ ಕಿಟಕಿಯಾಚೆ ಕಾಣುವ ಬೋರ್ಡುಗಳು ಸಾಕು.

ಹಾಗಾದರೆ ಯಾವ ಕ್ಲಾಸಿಗೆ ಏನು? ಒಂದು, ಎರಡನೇ ಕ್ಲಾಸಿನಲ್ಲಿ ನಕ್ಷೆಯನ್ನು ಗೋಡೆಗೆ ನೇತುಹಾಕಲೇಬೇಡಿ. ಮಗು ಟಿಫಿನ್ ಡಬ್ಬಿಯನ್ನು ಪಕ್ಕದಿಂದ ನೋಡಿ ಬರೆಯಲಿ, ಆಮೇಲೆ ಬೆಂಚಿನ ಮೇಲೆ ನಿಂತು ಮೇಲಿನಿಂದ ನೋಡಿ ಬರೆಯಲಿ. ನಕ್ಷೆ ಅಂದರೆ ಅಷ್ಟೇ, ಮೇಲಿನಿಂದ ನೋಡುವ ಅಭ್ಯಾಸ. ಧ್ವಜಕಂಬದ ನೆರಳಿಗೆ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಚಾಕ್‌ಪೀಸಿನಲ್ಲಿ ಗೆರೆ ಎಳೆಯಲಿ. ಒಂದು ಬಕೆಟ್ ನೀರನ್ನು ಆಟದ ಮೈದಾನದಲ್ಲಿ ಸುರಿದು ಅದು ಎತ್ತ ಹೋಯಿತು ಅಂತ ಹಿಂದೆಯೇ ಓಡಲಿ.

ಮೂರನೇ ಕ್ಲಾಸಿಗೆ ಬಂದಾಗ ಶಾಲೆಯ ರಸ್ತೆಯ ನಕ್ಷೆ. ಅಳತೆ ಹೆಜ್ಜೆಗಳಲ್ಲಿ, ಚಿಹ್ನೆಗಳು ಮಕ್ಕಳೇ ಮಾಡಿದ್ದು. ಮೋರಿ ಎಲ್ಲಿ ಶುರುವಾಗಿ ಎಲ್ಲಿ ರಾಜಕಾಲುವೆ ಸೇರುತ್ತೆ ಅನ್ನೋದು ಅದರಲ್ಲಿ ಇರಲೇಬೇಕು. ಆಗ ಗೋಡೆಯ ನಕ್ಷೆಯನ್ನು ಕೆಳಗಿಳಿಸಿ, ನೆಲದ ಮೇಲೆ ಹಾಸಿ, ಉತ್ತರವನ್ನು ಉತ್ತರಕ್ಕೇ ತಿರುಗಿಸಿ ಇಡಿ. ಗೋಡೆಗೆ ನೇತುಹಾಕಿದ ನಕ್ಷೆ ನೋಡಿ "ಉತ್ತರ ಅಂದ್ರೆ ಮೇಲೆ, ದಕ್ಷಿಣ ಅಂದ್ರೆ ಕೆಳಗೆ" ಅಂದುಕೊಂಡೇ ಡಿಗ್ರಿ ಮುಗಿಸಿದವರು ಎಷ್ಟು ಜನ ಬೇಕು ನಿಮಗೆ?

ನಾಲ್ಕನೇ ಕ್ಲಾಸು ರಾಜ್ಯಕ್ಕೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ, ಚಳ್ಳಕೆರೆಯಲ್ಲಿ 500ರ ಆಸುಪಾಸು. ಎರಡೂ ಒಂದೇ ರಾಜ್ಯ, ಒಂದೇ ಮಳೆಗಾಲ. ನಡುವೆ ಅಂಥದ್ದೇನಿದೆ? ಪಶ್ಚಿಮ ಘಟ್ಟ ಇದೆ. ಮೋಡ ತನ್ನ ಹೊರೆಯನ್ನು ಘಟ್ಟದಲ್ಲೇ ಇಳಿಸಿ ಬಯಲುಸೀಮೆಗೆ ಹಗುರಾಗಿ ಬರುತ್ತೆ. ಇಷ್ಟು ಅರ್ಥವಾದ ಮಗುವಿಗೆ ಕರಾವಳಿಯಲ್ಲಿ ಗಂಜಿ, ಇಲ್ಲಿ ಮುದ್ದೆ, ಉತ್ತರದಲ್ಲಿ ಜೋಳದ ರೊಟ್ಟಿ ಯಾಕೆ ಅನ್ನೋದನ್ನು ಬಾಯಿಪಾಠ ಮಾಡಿಸಬೇಕಾಗಿಲ್ಲ. ಮಣ್ಣು, ಮಳೆಯನ್ನು ನೋಡಿ ತಾನೇ ಊಹಿಸಲು ಶುರುಮಾಡುತ್ತೆ.

ಐದನೇ ಕ್ಲಾಸಿನಲ್ಲಿ ದೇಶ, ಪ್ರಪಂಚ. ತಲಕಾವೇರಿಯಿಂದ ಅರಬ್ಬಿ ಸಮುದ್ರ ನೂರು ಕಿ.ಮೀ. ಕೂಡ ಇಲ್ಲ. ಆದರೂ ಕಾವೇರಿ ಅತ್ತ ತಿರುಗಿ ನೋಡದೆ ಸುಮಾರು 800 ಕಿ.ಮೀ. ಹರಿದು ಬಂಗಾಳಕೊಲ್ಲಿಗೆ ಹೋಗ್ತಾಳೆ. ಯಾಕೆ? ಪ್ರಸ್ಥಭೂಮಿ ಪೂರ್ವಕ್ಕೆ ವಾಲಿದೆ. ಒಂದನೇ ಕ್ಲಾಸಿನಲ್ಲಿ ಬಕೆಟ್ ನೀರಿನ ಹಿಂದೆ ಓಡಿದ ಮಗು ಈ ಉತ್ತರವನ್ನು ತಾನೇ ಹೇಳುತ್ತೆ. ಎರಡನೇ ಕ್ಲಾಸಿನ ನೆರಳೂ ಈಗ ಕೆಲಸಕ್ಕೆ ಬರುತ್ತೆ. ಬೆಂಗಳೂರಿನಲ್ಲಿ ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸು ನಡುಮಧ್ಯಾಹ್ನ ಕಂಬದ ನೆರಳು ಕಾಲಡಿಯಲ್ಲೇ ಅಡಗುತ್ತೆ. ದೆಹಲಿಯಲ್ಲಿ ವರ್ಷದ ಯಾವ ದಿನವೂ ಹಾಗಾಗೋದಿಲ್ಲ. ಅಕ್ಷಾಂಶ, ಕರ್ಕಾಟಕ ಸಂಕ್ರಾಂತಿ ವೃತ್ತ ಎಂಬ ಒಣ ಪದಗಳಿಗೆ ಜೀವ ಬರೋದು ಆವತ್ತೇ. ಆಮೇಲೆ ಬೇಕಾದರೆ ಗ್ಲೋಬ್ ತಂದು, ಗೋಡೆಯ ನಕ್ಷೆಯಲ್ಲಿ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುವ ಗ್ರೀನ್‌ಲ್ಯಾಂಡಿಗಿಂತ ಆಫ್ರಿಕಾ ನಿಜಕ್ಕೂ ಸುಮಾರು 14 ಪಟ್ಟು ದೊಡ್ಡದು ಅಂತ ತೋರಿಸಿ. ನಕ್ಷೆಯೂ ಸುಳ್ಳು ಹೇಳಬಹುದು ಅಂತ ಹತ್ತನೇ ವಯಸ್ಸಿಗೆ ತಿಳಿದರೆ ಒಳ್ಳೆಯದೇ. ರಾಜಧಾನಿಗಳನ್ನು ಕಲಿಸೋದು ಇದಾದಮೇಲೆ. ಬೇಡ ಅಂತ ಯಾರೂ ಹೇಳ್ತಿಲ್ಲ.

ಈಗ ಆಕ್ಷೇಪಗಳು. "ಸಿಲಬಸ್ ಮುಗಿಸೋಕೆ ಟೈಮಿಲ್ಲ." ಬಕೆಟ್ ನೀರಿಗೆ ಒಂದು ಪೀರಿಯಡ್ ಸಾಕು; ಪಟ್ಟಿ ಒಪ್ಪಿಸುವುದಕ್ಕೆ ವರ್ಷವಿಡೀ ಬೇಕು. "ಸರ್ಕಾರಿ ಶಾಲೆಯಲ್ಲಿ ಒಬ್ಬರೇ ಟೀಚರ್, ಹಲವು ಕ್ಲಾಸು." ನಿಜ, ಅದು ದೊಡ್ಡ ಕಷ್ಟ. ಆದರೆ ಈ ವಿಷಯಕ್ಕೆ ಒಟ್ಟಿಗೆ ಕೂರುವುದೇ ಅನುಕೂಲ. ಒಂದರಿಂದ ಮೂರನೇ ಕ್ಲಾಸಿನವರನ್ನು ಒಟ್ಟಿಗೆ ಕೂರಿಸುವ ನಲಿ-ಕಲಿ ನಮ್ಮ ಸರ್ಕಾರಿ ಶಾಲೆಗಳಲ್ಲೇ ಬೆಳೆದಿದ್ದು. ಒಂದೇ ಮೋರಿಯ ಮುಂದೆ ನಿಂತು ಚಿಕ್ಕವರು ಕಾಗದದ ದೋಣಿ ಬಿಡಲಿ, ದೊಡ್ಡವರು ಅದರ ದಾರಿಯ ನಕ್ಷೆ ಬರೆಯಲಿ. "ಗೂಗಲ್ ಮ್ಯಾಪ್ ಇದೆಯಲ್ಲ, ಇದೆಲ್ಲ ಯಾಕೆ?" ಇದು ನಮ್ಮ ಐಟಿ ಗೆಳೆಯರ ಅಚ್ಚುಮೆಚ್ಚಿನ ಪ್ರಶ್ನೆ. ಗೂಗಲ್ ಮ್ಯಾಪ್ ಎಡಕ್ಕೆ ತಿರುಗು ಅನ್ನುತ್ತೆ. ನೀನು ನಿಂತಿರುವುದು ಕೆರೆಯ ಅಂಗಳ ಅಂತ ಹೇಳೋದಿಲ್ಲ.

ಅಲ್ಲೇ ಇರೋದು ಅಸಲಿ ವಿಷಯ. 2022ರ ಸೆಪ್ಟೆಂಬರಿನಲ್ಲಿ ಸರ್ಜಾಪುರ ರಸ್ತೆ, ಹೊರವರ್ತುಲ ರಸ್ತೆಯ ಕಡೆ ಲ್ಯಾಪ್‌ಟಾಪ್ ಬ್ಯಾಗ್ ತಲೆ ಮೇಲಿಟ್ಟುಕೊಂಡು ಟ್ರ್ಯಾಕ್ಟರಿನಲ್ಲಿ ಆಫೀಸಿಗೆ ಹೋದವರನ್ನು ದೇಶವೇ ನೋಡಿತು. ಅವರೆಲ್ಲ ಶಾಲೆಯಲ್ಲಿ ಭೂಗೋಳ ಪಾಸಾದವರೇ. ಒತ್ತುವರಿ ಮಾಡಿದವರು, ಮಂಜೂರಾತಿ ಕೊಟ್ಟವರು ಮೊದಲ ಅಪರಾಧಿಗಳು, ಅನುಮಾನ ಬೇಡ. ಆದರೆ ಅವರ ವ್ಯಾಪಾರ ನಡೆಯೋದು ನೆಲ ಓದಲು ಬಾರದ ಗಿರಾಕಿಗಳಿಂದ. ಕೋಟಿ ರೂಪಾಯಿಯ ಫ್ಲ್ಯಾಟ್ ಕೊಳ್ಳುವಾಗ ಈಶಾನ್ಯ ಯಾವುದು, ಆಗ್ನೇಯ ಯಾವುದು ಅಂತ ಮೊಬೈಲಿನ ದಿಕ್ಸೂಚಿ ಹಿಡಿದು ಮನೆಯಿಡೀ ಸುತ್ತುತ್ತೀವಿ, ದೇವರಮನೆಗೆ, ಅಡುಗೆಮನೆಗೆ. ಗೇಟಿನಾಚೆಯ ರಸ್ತೆ ಯಾವ ಕಡೆ ಇಳಿಯುತ್ತೆ ಅಂತ ಒಮ್ಮೆಯೂ ನೋಡೋದಿಲ್ಲ. ಕಂದಾಯ ಇಲಾಖೆಯ ಗ್ರಾಮ ನಕ್ಷೆಯಲ್ಲಿ ಕೆರೆ, ಹಳ್ಳ, ಕಾಲುವೆ ಎಲ್ಲ ಗುರುತಾಗಿರುತ್ತೆ, ಆನ್‌ಲೈನಿನಲ್ಲೇ ಸಿಗುತ್ತೆ. ಬ್ರೋಷರಿನ ಈಜುಕೊಳ ನೋಡಿದಷ್ಟು ಹೊತ್ತು ಅದನ್ನು ನೋಡಿದವರು ಎಷ್ಟು ಮಂದಿ?

ಮುಂದಿನ ಪೇರೆಂಟ್ಸ್ ಮೀಟಿಂಗಿನಲ್ಲಿ ರೋಬೋಟಿಕ್ಸ್ ಯಾವಾಗ, ಕೋಡಿಂಗ್ ಯಾವಾಗ ಅಂತ ಕೇಳೋ ಮೊದಲು ಇನ್ನೊಂದು ಪ್ರಶ್ನೆ ಕೇಳಿ: "ಈ ವರ್ಷ ನಮ್ಮ ಮಕ್ಕಳನ್ನು ಗೇಟಿನಾಚೆ ಎಷ್ಟು ಸಲ ಕರ್ಕೊಂಡು ಹೋಗ್ತೀರಾ ಮಿಸ್?" ಉತ್ತರ ಬರದಿದ್ದರೆ ಮಳೆ ನಿಂತ ಭಾನುವಾರ ಮಗುವಿನ ಕೈಹಿಡಿದು ನೀವೇ ಹೊರಡಿ, ನೀರು ಹೋದ ದಾರಿಯಲ್ಲಿ, ಅದು ಯಾವ ಕೆರೆಗೆ ಮುಟ್ಟುತ್ತೋ ಅಲ್ಲಿಯವರೆಗೆ. ವಾಗಡುಗು ಎಲ್ಲೂ ಓಡಿಹೋಗೋದಿಲ್ಲ, ನಾಳೆ ಕಲಿಯಬಹುದು.